ಅಪ್ಪನಿಗೆ ದೊಡ್ಡ ಟಿವಿ ಬೇಕಾ, ಮಾತಾಡುವ ಟಿವಿ ಬೇಕಾ?

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಗ್ಲಾಕೋಮಾದಿಂದ ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿನಲ್ಲಿ ನಡುಭಾಗ ಮಾತ್ರ ಸ್ವಲ್ಪ ಕಾಣುತ್ತದೆ. ರಾತ್ರಿ ಊಟ ಮಾಡುತ್ತಾ ಎಲ್ಲರೂ ಸೇರಿ ಧಾರಾವಾಹಿ ನೋಡುವುದು ನಮ್ಮ ಮನೆಯ ರೂಢಿ. ಈಗ ಅಪ್ಪ 'ಯಾರು ಬಂದ್ರು? ಏನಾಯ್ತು?' ಅಂತ ಒಂದೆರಡು ಸಲ ಕೇಳುತ್ತಾರೆ. ಆಮೇಲೆ ಸುಮ್ಮನೆ ಎದ್ದು ರೂಮಿಗೆ ಹೋಗಿಬಿಡುತ್ತಾರೆ. ಕ್ರಿಕೆಟ್ ಅಂದ್ರೆ ಪ್ರಾಣ, ಅದನ್ನೂ ಬಿಟ್ಟಿದ್ದಾರೆ. 55 ಇಂಚಿನ ಟಿವಿ ತರೋಣ ಅಂತ ಅಣ್ಣ ಹೇಳುತ್ತಿದ್ದಾನೆ. ಮಾತಾಡುವ ಟಿವಿ ಬಂದಿದೆಯಂತೆ, ನಿಜವಾ? ದೃಶ್ಯವನ್ನು ವಿವರಿಸಿ ಹೇಳುವ ಸೌಲಭ್ಯ ಕನ್ನಡದಲ್ಲಿ ಇದೆಯಾ?
(ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಟಿವಿ ಅಂಗಡಿಗೆ ಹೋಗುವುದನ್ನು ಒಂದು ವಾರ ಮುಂದಕ್ಕೆ ಹಾಕಲು ಅಣ್ಣನಿಗೆ ಹೇಳಿ. 55 ಇಂಚಿನ ಟಿವಿಯಿಂದ ನಿಮ್ಮ ತಂದೆಯವರಿಗೆ ಉಪಕಾರಕ್ಕಿಂತ ಉಪದ್ರವವೇ ಜಾಸ್ತಿ ಆಗಬಹುದು.

ಕಾರಣ ಅವರ ಕಾಯಿಲೆಯಲ್ಲೇ ಇದೆ. ಕಣ್ಣು ಮಂದವಾಯಿತು ಅಂದ ತಕ್ಷಣ, ದೊಡ್ಡದು ಮಾಡಿದರೆ ಕಾಣುತ್ತದೆ ಅಂದುಕೊಳ್ಳುತ್ತೇವೆ. ಎಲ್ಲರಿಗೂ ಇದು ಹೊಂದುವುದಿಲ್ಲ. ಗ್ಲಾಕೋಮಾ ಸಾಮಾನ್ಯವಾಗಿ ನೋಟದ ಅಂಚನ್ನು ಮೊದಲು ತಿನ್ನುತ್ತದೆ. ನಡುಭಾಗ ಕೊನೆಯವರೆಗೆ ಉಳಿಯುತ್ತದೆ. ಕೊಳವೆಯೊಳಗಿಂದ ನೋಡಿದ ಹಾಗೆ. ಅದೇ ಜಾಗದಲ್ಲಿ ಕೂತು ದೊಡ್ಡ ಪರದೆ ನೋಡಿದರೆ ಚಿತ್ರದ ಇನ್ನಷ್ಟು ಭಾಗ ಕೊಳವೆಯ ಆಚೆಗೆ ಹೋಗುತ್ತದೆ. ನಾಯಕಿಯ ಮೂಗು ಸ್ಪಷ್ಟವಾಗಿ ಕಾಣುತ್ತದೆ, ಅವಳ ಪಕ್ಕದಲ್ಲಿ ನಿಂತವರು ಕಾಣುವುದಿಲ್ಲ. ರೆಟಿನೈಟಿಸ್ ಪಿಗ್ಮೆಂಟೋಸಾ (ಕಣ್ಣಿನ ಒಳಪರದೆ ನಿಧಾನಕ್ಕೆ ಹಾಳಾಗುವ ಕಾಯಿಲೆ) ಇರುವವರಿಗೂ ಇದೇ ಕಷ್ಟ. ಇವರಲ್ಲಿ ಕೆಲವರಿಗೆ 32 ಇಂಚಿನ ಟಿವಿಯೇ ಸಾಕು, ಅದೂ ಸ್ವಲ್ಪ ದೂರದಿಂದ.

ವಯಸ್ಸಿನ ಕಾರಣಕ್ಕೆ ಮ್ಯಾಕುಲಾ, ಅಂದರೆ ಕಣ್ಣಿನ ಒಳಪರದೆಯ ನಡುಭಾಗ, ಹಾಳಾದವರದು ಉಲ್ಟಾ ಕಥೆ. ಅವರಿಗೆ ಅಂಚು ಕಾಣುತ್ತದೆ, ನಡುವೆ ಮಸುಕು. ಯಾರ ಮುಖ ನೋಡಿದರೂ ಮುಖವೇ ಮಾಯ. ದೊಡ್ಡ ಪರದೆ, ಹತ್ತಿರದ ಕುರ್ಚಿ ಎರಡೂ ಲಾಭವಾಗುವುದು ಅವರಿಗೆ. 8 ಅಡಿ ದೂರದ ಕುರ್ಚಿಯನ್ನು 4 ಅಡಿಗೆ ಎಳೆದರೆ 32 ಇಂಚಿನ ಟಿವಿ ಕಣ್ಣಿಗೆ 64 ಇಂಚಿನಷ್ಟಾಗುತ್ತದೆ. ಒಂದು ರೂಪಾಯಿ ಖರ್ಚಿಲ್ಲ. ಹತ್ತಿರ ಕೂತು ನೋಡಿದರೆ ಇರುವ ಕಣ್ಣೂ ಹೋಗುತ್ತದೆ ಎಂದು ಮನೆಯಲ್ಲಿ ಬೈಯುತ್ತಾರಲ್ಲ, ಅದು ನಿಜವಲ್ಲ. ಹತ್ತಿರ ಕೂರುವುದರಿಂದ ಕಣ್ಣಿಗೆ ಹಾನಿಯಾಗುವುದಿಲ್ಲ.

ಹಾಗಾಗಿ ಇವತ್ತು ರಾತ್ರಿಯೇ ಒಂದು ಪರೀಕ್ಷೆ ಮಾಡಿ. ಅಪ್ಪನ ಕುರ್ಚಿಯನ್ನು ಮೊದಲು ಮುಂದೆ, ಆಮೇಲೆ ಹಿಂದೆ, ನಂತರ ಸ್ವಲ್ಪ ಪಕ್ಕಕ್ಕೆ ಸರಿಸುತ್ತಾ ಹೋಗಿ. ಒಬ್ಬರ ಮುಖ ಪೂರ್ತಿಯಾಗಿ ಎಲ್ಲಿಂದ ಸಿಗುತ್ತದೆ ಅಂತ ಅವರನ್ನೇ ಕೇಳಿ. ಬಲಗಣ್ಣು ಮಾತ್ರ ಕೆಲಸ ಮಾಡುತ್ತಿರುವುದರಿಂದ ಕುರ್ಚಿಯನ್ನು ಸ್ವಲ್ಪ ಎಡಕ್ಕೆ ಹಾಕಿದರೂ ವ್ಯತ್ಯಾಸ ಆಗಬಹುದು. ಟಿವಿಯ ಎದುರಿಗೆ ಕಿಟಕಿಯೋ ಟ್ಯೂಬ್‌ಲೈಟೋ ಇದ್ದರೆ ಅದರ ಬೆಳಕು ಪರದೆಯ ಮೇಲೆ ಬಿದ್ದು ಹೊಳೆಯುತ್ತದೆ. ಗ್ಲಾಕೋಮಾ ಇರುವವರಿಗೆ ಈ ಹೊಳಪಿನ ಕಾಟ ಜಾಸ್ತಿ. ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಕಾಂಟ್ರಾಸ್ಟ್ ಏರಿಸಿ ನೋಡಿ, ಬ್ರೈಟ್‌ನೆಸ್ ಸ್ವಲ್ಪ ಇಳಿಸಿ ನೋಡಿ. ಟಿವಿಯ ಹಿಂದಿನ ಗೋಡೆಗೆ ಒಂದು ಮಂದ ದೀಪ ಇದ್ದರೆ ಕಣ್ಣಿಗೆ ಆರಾಮ. ಜೊತೆಗೆ, ದೊಡ್ಡ ಕಣ್ಣಿನ ಆಸ್ಪತ್ರೆಗಳಲ್ಲಿ ಲೋ ವಿಷನ್ ಕ್ಲಿನಿಕ್ ಅಂತ ಇರುತ್ತದೆ, ಒಮ್ಮೆ ಹೋಗಿ ಬನ್ನಿ. 'ಇನ್ನೇನೂ ಮಾಡೋಕಾಗಲ್ಲ' ಅಂತ ಡಾಕ್ಟರು ಹೇಳಿದ ಮೇಲೆ ನಮ್ಮವರು ಆಸ್ಪತ್ರೆಯ ಕಡೆಗೆ ತಲೆ ಹಾಕುವುದಿಲ್ಲ. ಆದರೆ ಉಳಿದಿರುವ ನೋಟವನ್ನು ಹೇಗೆ ಬಳಸಿಕೊಳ್ಳಬೇಕು ಅಂತ ಕಲಿಸುವುದೇ ಈ ಕ್ಲಿನಿಕ್‌ನ ಕೆಲಸ.

ಇನ್ನು ಮಾತಾಡುವ ಟಿವಿ. ಇದೆ, ನಿಜ. ಆದರೆ ಅದು ಏನು ಮಾತಾಡುತ್ತದೆ ಅಂತ ತಿಳಿದುಕೊಂಡು ದುಡ್ಡು ಕೊಡಿ.

ಆಂಡ್ರಾಯ್ಡ್ ಟಿವಿಯಲ್ಲಿ ಟಾಕ್‌ಬ್ಯಾಕ್, ಸ್ಯಾಮ್‌ಸಂಗ್‌ನಲ್ಲಿ ವಾಯ್ಸ್ ಗೈಡ್, ಎಲ್‌ಜಿಯಲ್ಲಿ ಆಡಿಯೋ ಗೈಡೆನ್ಸ್, ಅಮೆಜಾನ್ ಫೈರ್ ಟಿವಿಯಲ್ಲಿ ವಾಯ್ಸ್‌ವ್ಯೂ. ಹೆಸರು ಬೇರೆ, ಕೆಲಸ ಒಂದೇ. ರಿಮೋಟ್ ಒತ್ತುತ್ತಾ ಹೋದ ಹಾಗೆ ಪರದೆಯ ಮೇಲಿನ ಮೆನುವನ್ನು ಓದಿ ಹೇಳುತ್ತವೆ. ಯಾವ ಆ್ಯಪ್ ಮೇಲಿದ್ದೀರಿ, ಯಾವ ಕಾರ್ಯಕ್ರಮ, ವಾಲ್ಯೂಮ್ ಎಷ್ಟು, ಇಂಥದ್ದೆಲ್ಲ. ಕಾರ್ಯಕ್ರಮದೊಳಗೆ ಏನು ನಡೆಯುತ್ತಿದೆ ಅನ್ನುವುದನ್ನು ಇವು ಹೇಳುವುದಿಲ್ಲ. ಮಾತಾಡುವ ಟಿವಿ ತಂದು, 'ಇದು ಧಾರಾವಾಹಿ ವಿವರಿಸೋದೇ ಇಲ್ವಲ್ಲ' ಅಂತ ಬೇಜಾರಾದವರು ಬೇಕಾದಷ್ಟು ಜನ ಇದ್ದಾರೆ.

ಇನ್ನೊಂದು ತೊಡಕನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ. ನಿಮ್ಮ ಮನೆಗೆ ಚಾನೆಲ್ ಬರುವುದು ಡಿಟಿಎಚ್ ಅಥವಾ ಕೇಬಲ್‌ನ ಸೆಟ್‌ಟಾಪ್ ಬಾಕ್ಸ್ ಮೂಲಕ ಅಲ್ವಾ? ಆ ಬಾಕ್ಸ್ ಟಿವಿಗೆ ಕಳಿಸುವುದು ಬರೀ ಚಿತ್ರ ಮತ್ತು ಸದ್ದು. ಬಾಕ್ಸಿನ ಮೆನು, ಚಾನೆಲ್ ಪಟ್ಟಿ, 'ನಿಮ್ಮ ರೀಚಾರ್ಜ್ ಮುಗಿದಿದೆ' ಎಂಬ ಸೂಚನೆ ಇವೆಲ್ಲ ಟಿವಿಯ ಪಾಲಿಗೆ ಚಿತ್ರದ ಒಂದು ಭಾಗ ಅಷ್ಟೆ. ಟಾಕ್‌ಬ್ಯಾಕ್ ಅದನ್ನು ಓದಲಾರದು. ಅಮೆರಿಕದಲ್ಲಿ 2010ರಲ್ಲಿ ಬಂದ ಕಾನೂನಿನಿಂದಾಗಿ ಸೆಟ್‌ಟಾಪ್ ಬಾಕ್ಸಿನ ಮೆನುವೂ ಮಾತಾಡಬೇಕಾಯಿತು. ನಮ್ಮ ಮನೆಗಳ ಬಾಕ್ಸ್‌ಗಳು ಬಹುತೇಕ ಮೂಕ.

ಹೀಗಾಗಿ ಕಣ್ಣು ಕಾಣದವರಿಗೆ ಟಿವಿಯಲ್ಲಿ ತುಂಬಾ ಕಷ್ಟ ಕೊಡುವುದು ಮೌನ. ಸದ್ದು ನಿಂತಿತು. ಏಕೆ? ಕರೆಂಟ್ ಹೋಯಿತಾ? ಮಳೆಗೆ ಸಿಗ್ನಲ್ ಹೋಯಿತಾ? ರೀಚಾರ್ಜ್ ಮುಗಿಯಿತಾ? ಕೈತಪ್ಪಿ ಸೋರ್ಸ್ ಬಟನ್ ಒತ್ತಿ ಎಚ್‌ಡಿಎಂಐ 1ರಿಂದ 2ಕ್ಕೆ ಹೋಯಿತಾ? ಮ್ಯೂಟ್ ಆಯಿತಾ? ಐದಕ್ಕೂ ಉತ್ತರ ಪರದೆ ನೋಡಿದರೆ ತಿಳಿಯುತ್ತದೆ, ಕಿವಿಗೆ ಮಾತ್ರ ಒಂದೂ ಬೀಳುವುದಿಲ್ಲ. ಮನೆಯಲ್ಲಿ ಒಬ್ಬರೇ ಇದ್ದಾಗ ಹೀಗಾದರೆ ಯಾರಾದರೂ ಬರುವವರೆಗೆ ಟಿವಿ ಸತ್ತ ಹಾಗೆ. ಸ್ಮಾರ್ಟ್ ಟಿವಿ ಆದರೆ ಕರೆಂಟ್ ಹೋಗಿ ಬಂದ ಮೇಲೆ ಚಾನೆಲ್‌ಗೆ ಮರಳದೆ ಹೋಮ್ ಸ್ಕ್ರೀನ್‌ನಲ್ಲಿ ನಿಂತುಬಿಡುವುದೂ ಉಂಟು. ಇದಕ್ಕೆ ಮೂರು ಸಣ್ಣ ಉಪಾಯ ಇದೆ. ಒಂದು, ಟಿವಿ ಸೆಟ್ಟಿಂಗ್‌ನಲ್ಲಿ 'ಆನ್ ಆದಾಗ ಕೊನೆಯ ಇನ್‌ಪುಟ್‌ಗೇ ಹೋಗು' ಎಂಬ ಆಯ್ಕೆ ಇದ್ದರೆ ಹಾಕಿಡಿ. ಎರಡು, ಎಚ್‌ಡಿಎಂಐ ಸಿಇಸಿ ಇದ್ದರೆ ಆನ್ ಮಾಡಿ. ಆಗ ಒಂದೇ ರಿಮೋಟಿನಿಂದ ಟಿವಿ, ಬಾಕ್ಸ್ ಎರಡೂ ಆನ್-ಆಫ್ ಆಗುತ್ತವೆ. ಎಲ್ಲ ಬಾಕ್ಸ್‌ಗಳಲ್ಲೂ ಇದು ನಡೆಯುವುದಿಲ್ಲ, ಆದರೂ ನೋಡಿ. ಮೂರು, ರೀಚಾರ್ಜ್ ದಿನಾಂಕ ನಿಮ್ಮ ಫೋನಿನಲ್ಲಿ ಇರಲಿ.

ರಿಮೋಟಿನ ವಿಷಯಕ್ಕೆ ಬಂದರೆ, ಹಳೇ ಕಾಲದ ನಂಬರ್ ಇರುವ ರಿಮೋಟೇ ಒಳ್ಳೆಯದು. ಸಾಮಾನ್ಯವಾಗಿ ಅದರ 5ರ ಮೇಲೆ ಒಂದು ಉಬ್ಬು ಚುಕ್ಕಿ ಇರುತ್ತದೆ. ಬೆರಳನ್ನು ಅಲ್ಲಿಟ್ಟರೆ ಸುತ್ತಲಿನ ಎಲ್ಲ ನಂಬರ್ ಸಿಗುತ್ತವೆ. ಅಪ್ಪ ನೋಡುವ ಏಳೆಂಟು ಚಾನೆಲ್‌ಗಳ ನಂಬರ್ ಬಾಯಿಪಾಠ ಆಗಲು ಜಾಸ್ತಿ ದಿನ ಬೇಡ. ಪವರ್ ಬಟನ್ ಮೇಲೆ ಎಂ-ಸೀಲ್‌ನ ಒಂದು ಚಿಕ್ಕ ಕಾಳು ಅಂಟಿಸಿ. ಸೋರ್ಸ್ ಬಟನ್ ಮೇಲೆ ಸೆಲೋ ಟೇಪ್ ಹಾಕಿಬಿಡಿ, ಆ ಬಟನ್ನಿನ ಹತ್ತಿರ ಬೆರಳು ಹೋದರೆ ಗೊತ್ತಾಗಲಿ. ಹೊಸ ಸ್ಮಾರ್ಟ್ ರಿಮೋಟ್‌ಗಳಲ್ಲಿ ಬಟನ್ ಕಡಿಮೆ, ನಂಬರೇ ಇರುವುದಿಲ್ಲ. ನೋಡಲು ಚೆಂದ, ಕುರುಡರಿಗೆ ದಂಡ.

ಸ್ಮಾರ್ಟ್ ಟಿವಿ ತರುವುದೇ ಆದರೆ ಅಂಗಡಿಯಲ್ಲೇ ಸೆಟ್ಟಿಂಗ್ಸ್ ಒಳಗೆ ಆ್ಯಕ್ಸೆಸಿಬಿಲಿಟಿ ತೆರೆದು ದನಿ ಹಾಕಿಸಿ ಕೇಳಿ. ಕನ್ನಡ ದನಿ ಇದೆಯಾ, ಇಂಗ್ಲಿಷ್ ಮಾತ್ರವಾ ಅಂತ ಅಲ್ಲೇ ಗೊತ್ತಾಗುತ್ತದೆ. ಫೈರ್ ಟಿವಿ ಸ್ಟಿಕ್ ಆದರೆ ರಿಮೋಟಿನ ಬ್ಯಾಕ್ ಮತ್ತು ಮೆನು ಎರಡನ್ನೂ ಒಟ್ಟಿಗೆ ಎರಡು ಸೆಕೆಂಡ್ ಒತ್ತಿ ಹಿಡಿದರೆ ವಾಯ್ಸ್‌ವ್ಯೂ ಶುರುವಾಗುತ್ತದೆ. ನನ್ನ ಅನುಭವದಲ್ಲಿ ಕನ್ನಡದವರಿಗೆ ಇದಕ್ಕಿಂತ ಸುಲಭದ ದಾರಿ ಫೋನು. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್‌ಗೆ ಗೂಗಲ್‌ನ ಕನ್ನಡ ದನಿ ಸಿಗುತ್ತದೆ. ಗೂಗಲ್ ಹೋಮ್ ಆ್ಯಪ್‌ನಲ್ಲಿ ಆಂಡ್ರಾಯ್ಡ್ ಟಿವಿಗೆ ರಿಮೋಟ್ ಇದೆ. ಅಪ್ಪ ಫೋನಿನಲ್ಲಿ ಟಾಕ್‌ಬ್ಯಾಕ್ ಕಲಿತರೆ ಟಿವಿ ಜೊತೆಗೆ ಪೇಪರ್, ವಾಟ್ಸ್ಆ್ಯಪ್ ಎಲ್ಲ ವಾಪಸ್ ಸಿಗುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆ. ಯಾರು ಬಂದರು, ಏನಾಯಿತು?

ಇದಕ್ಕೆ ಆಡಿಯೋ ಡಿಸ್ಕ್ರಿಪ್ಷನ್ ಅನ್ನುತ್ತಾರೆ. ಮಾತಿನ ನಡುವೆ ಸಿಗುವ ಖಾಲಿ ಜಾಗದಲ್ಲಿ ಒಂದು ದನಿ ಬಂದು ಪರದೆಯ ಮೇಲೆ ನಡೆಯುವುದನ್ನು ಎರಡು ಮಾತಿನಲ್ಲಿ ಹೇಳಿ ಹೋಗುತ್ತದೆ. 1981ರಲ್ಲಿ ವಾಷಿಂಗ್ಟನ್‌ನ ಅರೀನಾ ಸ್ಟೇಜ್ ಎಂಬ ರಂಗಮಂದಿರದಲ್ಲಿ ನಾಟಕಗಳಿಗೆ ಇದನ್ನು ಶುರು ಮಾಡಿದರು. ಟಿವಿಗೆ ತಂದಿದ್ದು ಬಾಸ್ಟನ್‌ನ ಡಬ್ಲ್ಯುಜಿಬಿಎಚ್ ಎಂಬ ಸಾರ್ವಜನಿಕ ವಾಹಿನಿ, 1990ರಲ್ಲಿ. ಅವರು ಇದಕ್ಕಾಗಿ ಹೊಸ ಯಂತ್ರವನ್ನೇನೂ ಕಂಡುಹಿಡಿಯಲಿಲ್ಲ. ಅಲ್ಲಿನ ಟಿವಿಗಳಲ್ಲಿ ಎರಡನೇ ಭಾಷೆಯ ಸದ್ದಿಗೆಂದು ಮೊದಲೇ ಒಂದು ದಾರಿ ಇತ್ತು. ಸ್ಪ್ಯಾನಿಷ್ ಬರುತ್ತಿದ್ದ ಆ ದಾರಿಯಲ್ಲೇ ವಿವರಣೆಯನ್ನು ಕಳಿಸಿದರು.

ಇದನ್ನು ಒತ್ತಿ ಹೇಳಲು ಕಾರಣ ಇದೆ. 'ನಮ್ಮಲ್ಲಿ ತಂತ್ರಜ್ಞಾನ ಇಲ್ಲ, ಇಲ್ಲಿ ಆಗಲ್ಲ' ಅಂತ ಚಾನೆಲ್‌ನವರು ಹೇಳುವುದನ್ನು ಕೇಳಿರುತ್ತೀರಿ. ನಿಮ್ಮ ಡಿಟಿಎಚ್ ರಿಮೋಟ್ ಕೈಗೆ ತೆಗೆದುಕೊಳ್ಳಿ. ಅದರಲ್ಲಿ ಭಾಷೆ ಬದಲಿಸುವ ಬಟನ್ನೋ ಮೆನುವೋ ಇರುತ್ತದೆ. ಮಕ್ಕಳ ಕಾರ್ಟೂನ್ ಚಾನೆಲ್ಲನ್ನು ಹಿಂದಿಯಿಂದ ತಮಿಳಿಗೋ ತೆಲುಗಿಗೋ ಬದಲಿಸುವುದು ಅದರಿಂದಲೇ. ಒಂದೇ ಚಿತ್ರದ ಜೊತೆ ನಾಲ್ಕಾರು ಸದ್ದಿನ ಟ್ರ್ಯಾಕ್ ನಿಮ್ಮ ಮನೆಯ ಬಾಕ್ಸಿನವರೆಗೆ ಬಂದು ಕೂತಿದೆ. ಧಾರಾವಾಹಿಯ ಮಾಮೂಲಿ ಸದ್ದು ಒಂದು ಟ್ರ್ಯಾಕಿನಲ್ಲಿ, ಅದೇ ಸದ್ದಿಗೆ ವಿವರಣೆ ಬೆರೆಸಿದ್ದು ಇನ್ನೊಂದರಲ್ಲಿ. ಇಷ್ಟೇ ಬೇಕಾಗಿರುವುದು. ಬೇಡದವರಿಗೆ ಅದು ಕೇಳಿಸುವುದೂ ಇಲ್ಲ. ದಾರಿ ಸಿದ್ಧವಾಗಿದೆ, ಅದರಲ್ಲಿ ಕಳಿಸಲು ಕನ್ನಡದ ದನಿಯನ್ನು ಯಾರೂ ತಯಾರು ಮಾಡುತ್ತಿಲ್ಲ.

ಬೇರೆ ಕಡೆ ಇದನ್ನು ಕಾನೂನಿನಿಂದ ಮಾಡಿಸಿದರು. ಬ್ರಿಟನ್‌ನಲ್ಲಿ ಒಂದು ಮಟ್ಟಕ್ಕಿಂತ ಹೆಚ್ಚು ವೀಕ್ಷಕರಿರುವ ಚಾನೆಲ್‌ಗಳು ಕಾರ್ಯಕ್ರಮಗಳ ಶೇ 10ರಷ್ಟಕ್ಕಾದರೂ ವಿವರಣೆ ಕೊಡಬೇಕು. 2003ರ ಕಾನೂನಿನ ಅಡಿಯಲ್ಲಿ ಬಂದ ನಿಯಮ ಅದು. ಅಮೆರಿಕದ ದೊಡ್ಡ ವಾಹಿನಿಗಳಿಗೆ ಮೂರು ತಿಂಗಳಿಗೆ ಇಷ್ಟು ಗಂಟೆ ಅಂತ ಲೆಕ್ಕ ಇದೆ, 2018ರಿಂದ ಅದು 87.5 ಗಂಟೆ. ಒತ್ತಾಯದಿಂದ ಆದದ್ದೂ ಇದೆ. 2015ರ ಏಪ್ರಿಲ್ 10ರಂದು ನೆಟ್‌ಫ್ಲಿಕ್ಸ್ 'ಡೇರ್‌ಡೆವಿಲ್' ಸರಣಿಯನ್ನು ಬಿಟ್ಟಿತು. ಅದರ ನಾಯಕ ಕುರುಡ. ಕುರುಡ ನಾಯಕನ ಕಥೆಯನ್ನು ಕುರುಡರೇ ಅನುಭವಿಸುವ ಹಾಗಿಲ್ಲ ಅಂತ ಜನ ಗಲಾಟೆ ಮಾಡಿದರು. ಏಪ್ರಿಲ್ 14ಕ್ಕೆ ವಿವರಣೆ ಬಂತು. ನೆಟ್‌ಫ್ಲಿಕ್ಸ್ ಆಡಿಯೋ ಡಿಸ್ಕ್ರಿಪ್ಷನ್ ಕೊಡಲು ಶುರು ಮಾಡಿದ್ದು ಅಲ್ಲಿಂದ.

ನಮ್ಮಲ್ಲಿ ಕಾನೂನೇ ಇಲ್ಲ ಅಂದುಕೊಳ್ಳಬೇಡಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಆಡಿಯೋ ಡಿಸ್ಕ್ರಿಪ್ಷನ್, ಸಂಜ್ಞಾ ಭಾಷೆ, ಕ್ಯಾಪ್ಷನ್ ಮೂರನ್ನೂ ಹೆಸರು ಹಿಡಿದು ಹೇಳುತ್ತದೆ. ಇದನ್ನು ಮಾಡಿಸುವುದು ಸರ್ಕಾರದ ಹೊಣೆ. 2019ರ ಸೆಪ್ಟೆಂಬರ್‌ನಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಟಿವಿಗೆ ಮಾನದಂಡ ತಂದಿತು. ಅದು ಕಿವಿ ಕೇಳದವರಿಗಾಗಿ. ಸುದ್ದಿಯಲ್ಲಿ ಸಂಜ್ಞಾ ಭಾಷೆ, ಕಾರ್ಯಕ್ರಮಕ್ಕೆ ಕ್ಯಾಪ್ಷನ್. ಒಳ್ಳೆಯದೇ. ಮೂರರಲ್ಲಿ ಎರಡು ಬಂತು, ನಿಮ್ಮ ಅಪ್ಪನ ಪಾಲಿನದು ಬರಲಿಲ್ಲ. ಸಿನಿಮಾ ಸ್ವಲ್ಪ ಮುಂದಿದೆ. 2023ರ ಜನವರಿಯಲ್ಲಿ ಒಂದು ದೊಡ್ಡ ಹಿಂದಿ ಸಿನಿಮಾಕ್ಕೆ, ಒಟಿಟಿಗೆ ಬರುವಾಗ ಆಡಿಯೋ ಡಿಸ್ಕ್ರಿಪ್ಷನ್ ಇರಲೇಬೇಕು ಅಂತ ದೆಹಲಿ ಹೈಕೋರ್ಟ್ ಹೇಳಿತು. 2024ರ ಮಾರ್ಚ್‌ನಲ್ಲಿ ಚಿತ್ರಮಂದಿರಗಳ ಸಿನಿಮಾಗಳಿಗೆ ಮಾರ್ಗಸೂಚಿ ಬಂತು. 2011ರ ಜನಗಣತಿಯಲ್ಲೇ ದೇಶದಲ್ಲಿ ದೃಷ್ಟಿದೋಷ ಇರುವವರು 50 ಲಕ್ಷ ಇದ್ದರು. ಇವರಲ್ಲಿ ಎಷ್ಟೋ ಜನರ ಮನೆಯಲ್ಲಿ ಟಿವಿ ಓಡುತ್ತದೆ.

ಸದ್ಯಕ್ಕೆ ಸಿಗುವುದು ಏನು? ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೋದಂಥ ಕಡೆ ಆಡಿಯೋ ಪಟ್ಟಿ ತೆರೆದರೆ ಇಂಗ್ಲಿಷ್‌ಗೆ, ಒಂದಷ್ಟು ಹಿಂದಿಗೆ 'ಆಡಿಯೋ ಡಿಸ್ಕ್ರಿಪ್ಷನ್' ಅಂತ ಪ್ರತ್ಯೇಕ ಸಾಲು ಕಾಣುತ್ತದೆ. ಕನ್ನಡದ್ದು ಅಪರೂಪ. ರಾತ್ರಿ ಊಟದ ಹೊತ್ತಿನ ಧಾರಾವಾಹಿಗಂತೂ ಅದರ ಆಸೆ ಇಟ್ಟುಕೊಳ್ಳಬೇಡಿ. ಒಂದು ಮಾತು ಸೇರಿಸುತ್ತೇನೆ. ಡಬ್ಬಿಂಗ್ ಬಗ್ಗೆ ನಮ್ಮಲ್ಲಿ ಎಷ್ಟೋ ವರ್ಷ ಜಗಳ ನಡೆಯಿತಲ್ಲ, ಅದರಲ್ಲಿ ಕುರುಡರ ಮಾತು ಯಾರೂ ಕೇಳಲಿಲ್ಲ. ಸಬ್‌ಟೈಟಲ್ ಓದಲಾಗದವರಿಗೆ ಬೇರೆ ಭಾಷೆಯ ಕಥೆ ತಲುಪಲು ಡಬ್ಬಿಂಗ್ ಒಂದೇ ದಾರಿ. 2015ರಲ್ಲಿ ಸ್ಪರ್ಧಾ ಆಯೋಗ (ವ್ಯಾಪಾರದ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ) ಡಬ್ಬಿಂಗ್ ತಡೆಯುವುದು ತಪ್ಪು ಅಂದ ಮೇಲೆ ಅದು ನಿಧಾನಕ್ಕೆ ತೆರೆದುಕೊಂಡಿತು. 2020ರ ಲಾಕ್‌ಡೌನ್‌ನಲ್ಲಿ ಪೌರಾಣಿಕ ಧಾರಾವಾಹಿಗಳು ಕನ್ನಡದಲ್ಲಿ ಬಂದವು. ಪೌರಾಣಿಕ ಧಾರಾವಾಹಿಯಲ್ಲಿ ಇನ್ನೊಂದು ಅನುಕೂಲ ಇದೆ. ಪ್ರತಿಯೊಬ್ಬರೂ ಎದುರಿನವರ ಹೆಸರು ಹಿಡಿದೇ ಮಾತಾಡುತ್ತಾರೆ. ಯಾರಿದ್ದಾರೆ ಅಂತ ಕೇಳುವ ಪ್ರಮೇಯವೇ ಬರುವುದಿಲ್ಲ.

ಹಾಗಾದರೆ ಇವತ್ತು ರಾತ್ರಿ ಏನು ಮಾಡುವುದು? ಹೇಳುವವರು ನೀವೇ ಆಗಬೇಕು. ಇದಕ್ಕೂ ಒಂದು ಕ್ರಮ ಇದೆ. ಮನೆಯವರು ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತಾರೆ. ಕೇಳಿದಾಗ ಮಾತ್ರ ಹೇಳುತ್ತಾರೆ, ಮತ್ತು ಕಂಡಿದ್ದನ್ನು ಬಿಟ್ಟು ತಮ್ಮ ಅಭಿಪ್ರಾಯ ಹೇಳುತ್ತಾರೆ.

ಒಂದು ದೃಶ್ಯ ಇಟ್ಟುಕೊಳ್ಳೋಣ. ಅಡುಗೆಮನೆ. ಸೊಸೆ ಸೆರಗಿನಿಂದ ಒಂದು ಕಾಗದ ತೆಗೆದು ಅಕ್ಕಿ ಡಬ್ಬಿಯೊಳಗೆ ಬಚ್ಚಿಡುತ್ತಾಳೆ. ಬಾಗಿಲಲ್ಲಿ ನಿಂತ ಅತ್ತೆ ಅದನ್ನು ನೋಡಿಬಿಡುತ್ತಾರೆ. ಮಾತಿಲ್ಲ, ಢಣ್ ಅಂತ ಸಂಗೀತ. ಕ್ಯಾಮೆರಾ ಅತ್ತೆಯ ಮುಖಕ್ಕೆ ಮೂರು ಸಲ ಹೋಗಿ ಬರುತ್ತದೆ. ಇಲ್ಲಿ 'ಅಯ್ಯೋ, ಸಿಕ್ಕಿಬಿದ್ಳು ಕಣಪ್ಪ, ಈ ಅತ್ತೆ ಸುಮ್ನೆ ಬಿಡ್ತಾಳಾ' ಅಂದರೆ ಅಪ್ಪನಿಗೆ ಏನೂ ತಿಳಿಯುವುದಿಲ್ಲ. ಯಾರು, ಎಲ್ಲಿ, ಏನು ಮಾಡಿ ಸಿಕ್ಕಿಬಿದ್ದರು? 'ಸೊಸೆ ಅಕ್ಕಿ ಡಬ್ಬಿಯಲ್ಲಿ ಕಾಗದ ಬಚ್ಚಿಟ್ಟಳು. ಬಾಗಿಲಲ್ಲಿ ಅತ್ತೆ. ಸೊಸೆಗೆ ಗೊತ್ತಿಲ್ಲ.' ಇಷ್ಟು ಸಾಕು. 'ಸುಮ್ನೆ ಬಿಡ್ತಾಳಾ' ಅನ್ನುವುದನ್ನು ಅಪ್ಪನೇ ಹೇಳುತ್ತಾರೆ. ಹೇಳುವ ಸುಖ ಅವರಿಗೆ ಇರಲಿ.

ದೃಶ್ಯ ಬದಲಾದ ತಕ್ಷಣ ಜಾಗ ಹೇಳಿ: 'ಆಸ್ಪತ್ರೆ', 'ರಾತ್ರಿ, ಮನೆ ಮುಂದೆ'. ಯಾರಾದರೂ ಮಾತಿಲ್ಲದೆ ಬಂದರೆ ಹೆಸರು ಹೇಳಿ. ಮಾತಿನ ಮೇಲೆ ಮಾತಾಡಬೇಡಿ, ಪಾತ್ರದ ಸಾಲು ಮುಗಿಯುವವರೆಗೆ ಕಾಯಿರಿ. ಸದ್ದಿನಿಂದ ಗೊತ್ತಾಗುವುದನ್ನು ಮತ್ತೆ ಹೇಳುವುದು ಬೇಡ. ಬಾಗಿಲು ಧಡಾರ್ ಅಂದರೆ ಅದು ಅವರಿಗೂ ಕೇಳಿಸಿರುತ್ತದೆ. ಯಾರು ಬಾಗಿಲು ಹಾಕಿದರು ಅನ್ನುವುದು ಮಾತ್ರ ಬೇಕು. ಕಣ್ಸನ್ನೆ, ಕಣ್ಣೀರು, ಮೊಬೈಲಿನಲ್ಲಿ ಬಂದ ಮೆಸೇಜು, ಗೋಡೆಯ ಫೋಟೋಕ್ಕೆ ಬಿದ್ದ ಹಾರ, ಇವು ಸದ್ದಿಲ್ಲದ ವಿಷಯಗಳು. ನಮ್ಮ ಧಾರಾವಾಹಿಗಳ ತಿರುವೆಲ್ಲ ಇವುಗಳಲ್ಲೇ ಇರುತ್ತದೆ. ಬಟ್ಟೆ ಬಣ್ಣ ಪ್ರತಿ ಸಲ ಬೇಡ. ಆದರೆ ಮದುವೆ ದೃಶ್ಯದಲ್ಲಿ ಸೀರೆ ಬಣ್ಣ ಹೇಳಿ, ಅವರು 60 ವರ್ಷಕ್ಕಿಂತ ಹೆಚ್ಚು ಕಾಲ ಬಣ್ಣ ನೋಡಿದವರು.

ಕನ್ನಡದಲ್ಲಿ ಇದಕ್ಕೆ ಒಂದು ಅನುಕೂಲ ಇದೆ. 'ಬಂದಳು' ಅಂದರೆ ಸಾಕು, ಹೆಣ್ಣು, ಒಬ್ಬಳು ಅಂತ ಗೊತ್ತಾಯಿತು. ಎರಡು ಸೆಕೆಂಡಿನ ಸಂದಿಯಲ್ಲಿ ತುಂಬಾ ಹೇಳಬಹುದು. ಪೇಚಿಗೆ ಸಿಗುವುದು ಬಹುವಚನದಲ್ಲಿ. ಅತ್ತೆಯನ್ನು 'ಬಂದರು' ಅಂದರೆ ಒಬ್ಬರಾ, ಇಬ್ಬರಾ? ಅಂಥ ಕಡೆ ಹೆಸರು ಸೇರಿಸುವುದೇ ಸರಿ. ಮುಂದೆ ಯಾರಾದರೂ ಕನ್ನಡ ಚಾನೆಲ್‌ಗೆ ವಿವರಣೆ ಬರೆಯಲು ಕೂತಾಗ ಮೊದಲು ತೀರ್ಮಾನ ಮಾಡಬೇಕಾದದ್ದು ಇದನ್ನೇ: ಯಾವ ಪಾತ್ರಕ್ಕೆ 'ಳು', ಯಾರಿಗೆ 'ರು'. ಇಂಗ್ಲಿಷಿನವರ ನಿಯಮ ಪುಸ್ತಕದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ.

ಪ್ರತಿ ರಾತ್ರಿ ನೀವೇ ಹೇಳುತ್ತಾ ಕೂರಲು ಆಗದಿದ್ದರೆ ಇನ್ನೊಂದು ಉಪಾಯ. ಧಾರಾವಾಹಿ ಶುರುವಾಗುವ ಮೊದಲು ಎರಡು ನಿಮಿಷ ಕೂತು ಪಾತ್ರಗಳ ದನಿ ಗುರುತು ಮಾಡಿಕೊಡಿ. 'ಗೊಗ್ಗರು ದನಿಯವನು ದೊಡ್ಡ ಮಗ, ಬೇಗ ಬೇಗ ಮಾತಾಡುವವಳು ನಾದಿನಿ.' ಬ್ರಿಟನ್‌ನಲ್ಲಿ ನಾಟಕ ಶುರುವಾಗುವ ಮೊದಲೂ ಹೀಗೆಯೇ ರಂಗದ ಸಜ್ಜು, ವೇಷಭೂಷಣ ಎಲ್ಲ ಹೇಳಿಕೊಡುವ ಪದ್ಧತಿ ಇದೆ. ಒಂದು ವಾರದಲ್ಲಿ ಅಪ್ಪನ ಪ್ರಶ್ನೆಗಳು ಅರ್ಧ ಕಡಿಮೆಯಾದರೆ ಆಶ್ಚರ್ಯ ಇಲ್ಲ. ಅವರ ಮೆಚ್ಚಿನ ಹಳೇ ಸಿನಿಮಾಕ್ಕೆ ನಿಮ್ಮ ದನಿಯಲ್ಲೇ ವಿವರಣೆ ರೆಕಾರ್ಡ್ ಮಾಡಿ ಕೊಟ್ಟರೂ ತಪ್ಪಿಲ್ಲ. 2012ರಲ್ಲಿ ತಿದ್ದಿದ ಕಾಪಿರೈಟ್ ಕಾಯ್ದೆ ಅಂಗವಿಕಲರ ಸ್ವಂತ ಬಳಕೆಗೆ ಕೃತಿಯನ್ನು ಅವರಿಗೆ ಸಿಗುವ ರೂಪಕ್ಕೆ ಬದಲಿಸಿ ಕೊಡಲು ಅವಕಾಶ ಕೊಟ್ಟಿದೆ.

ಕ್ರಿಕೆಟ್ ಸುಲಭ. ಟಿವಿ ಕಾಮೆಂಟರಿ ನೀವು ನೋಡುತ್ತಿದ್ದೀರಿ ಅಂತ ನಂಬಿಕೊಂಡು ಮಾತಾಡುತ್ತದೆ. ಬಾಲ್ ಎಲ್ಲಿ ಬಿತ್ತು, ಎಲ್ಲಿಗೆ ಹೋಯಿತು ಅಂತ ಹೇಳದೆ 'ವಾವ್, ಎಂಥ ಶಾಟ್!' ಅಂದುಬಿಡುತ್ತಾರೆ. ರೇಡಿಯೋದವರು ಹಾಗೆ ಮಾಡುವ ಹಾಗಿಲ್ಲ. ಆಕಾಶವಾಣಿ ಕಾಮೆಂಟರಿ ಇರುವ ಪಂದ್ಯಗಳಲ್ಲಿ ಟಿವಿಯ ಸದ್ದು ಪೂರ್ತಿ ತೆಗೆದು ರೇಡಿಯೋ ಹಾಕಿ, ಚಿತ್ರ ನಿಮಗೆ, ಮಾತು ಅವರಿಗೆ. ನಿಮ್ಮ ಅಪ್ಪನ ವಯಸ್ಸಿನವರು ಹುಡುಗರಾಗಿದ್ದಾಗ ಕಿವಿಗೆ ಟ್ರಾನ್ಸಿಸ್ಟರ್ ಹಿಡಿದು ಹಾಗೇ ಕೇಳುತ್ತಿದ್ದರು. ರೇಡಿಯೋ ಸಾಮಾನ್ಯವಾಗಿ ಟಿವಿಗಿಂತ ಕೆಲವು ಸೆಕೆಂಡ್ ಮುಂದಿರುತ್ತದೆ, ಫೋನಿನ ಆ್ಯಪ್‌ಗಿಂತ ಇನ್ನೂ ಮುಂದೆ. ವಿಕೆಟ್ ಬಿದ್ದದ್ದು ಮನೆಯಲ್ಲಿ ಮೊದಲು ಗೊತ್ತಾಗುವುದು ಅಪ್ಪನಿಗೇ. 2024ರ ಐಪಿಎಲ್‌ನಲ್ಲಿ ಸ್ಟಾರ್ ಸ್ಪೋರ್ಟ್ಸ್ ಕಿವಿ ಕೇಳದವರಿಗೆ ಸಂಜ್ಞಾ ಭಾಷೆ, ಕಣ್ಣು ಕಾಣದವರಿಗೆ ಪ್ರತಿ ಬಾಲ್ ವಿವರಿಸುವ ಮಾತು ಇರುವ ಪ್ರಸಾರವನ್ನೂ ಕೊಟ್ಟಿತ್ತು. ಮನಸ್ಸು ಮಾಡಿದರೆ ಆಗುತ್ತದೆ.

ಕೊನೆಗೆ ಒಂದು ಕಾಗದದ ಕೆಲಸ. ಅಪ್ಪನಿಗೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿದ್ದೀರಾ? ನೇರಕ್ಕೆ ಅಕ್ಷರ ಓದುತ್ತಾರೆ, ಹಾಗಾಗಿ ಅಂಗವೈಕಲ್ಯ ಅಲ್ಲ ಅಂತ ಎಷ್ಟೋ ಗ್ಲಾಕೋಮಾ ರೋಗಿಗಳು ಅರ್ಜಿಯನ್ನೇ ಹಾಕುವುದಿಲ್ಲ. 2016ರ ಕಾಯ್ದೆಯ ಪ್ರಕಾರ ನೋಟದ ವಿಸ್ತಾರವೂ ಲೆಕ್ಕಕ್ಕೆ ಬರುತ್ತದೆ. ಅದು 40 ಡಿಗ್ರಿಗಿಂತ ಕಡಿಮೆ ಇದ್ದರೆ ಲೋ ವಿಷನ್, 10 ಡಿಗ್ರಿಗಿಂತ ಕಡಿಮೆ ಇದ್ದರೆ ಅಂಧತ್ವ. ನೋಟದ ವಿಸ್ತಾರ ಅಳೆಯುವ ಫೀಲ್ಡ್ ಟೆಸ್ಟ್‌ನ ವರದಿ ತೆಗೆದುಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗಿ.

ಆಮೇಲೆ ಅಪ್ಪ ನೋಡುವ ಚಾನೆಲ್‌ಗೆ ಅವರ ಹೆಸರಿನಲ್ಲೇ ಪತ್ರ ಬರೆಸಿ. ದೊಡ್ಡದನ್ನೆಲ್ಲ ಒಟ್ಟಿಗೆ ಕೇಳಬೇಡಿ. ಖರ್ಚೇ ಇಲ್ಲದ್ದನ್ನು ಮೊದಲು ಕೇಳಿ. 'ಪರದೆಯ ಮೇಲೆ ಕಾಣುತ್ತಿರುವ ನಂಬರ್‌ಗೆ ಕರೆ ಮಾಡಿ' ಅನ್ನುವ ಬದಲು ಆ ನಂಬರನ್ನು ಬಾಯಲ್ಲಿ ಹೇಳಲಿ. ಸುದ್ದಿಯಲ್ಲಿ ಹಿಂದಿಯವರ ಮಾತಿಗೆ ಕೆಳಗೆ ಕನ್ನಡ ಅಕ್ಷರ ಹಾಕಿ ಸುಮ್ಮನಾಗದೆ ಓದಿ ಹೇಳಲಿ. ಬ್ರೇಕಿಂಗ್ ನ್ಯೂಸ್ ಪಟ್ಟಿಯಲ್ಲಿ ಏನಿದೆ ಅಂತ ನಿರೂಪಕರು ಒಮ್ಮೆ ಹೇಳಲಿ. ಮಾತಾಡುವವರ ಹೆಸರನ್ನು ಬರೀ ತೋರಿಸದೆ ಹೇಳಲಿ. ಇದಾದ ಮೇಲೆ, ವಾರಕ್ಕೆ ಒಂದೇ ಕಾರ್ಯಕ್ರಮಕ್ಕಾದರೂ ಎರಡನೇ ಆಡಿಯೋ ಟ್ರ್ಯಾಕಿನಲ್ಲಿ ವಿವರಣೆ ಕೊಡಿ ಅಂತ 42ನೇ ಸೆಕ್ಷನ್ ಹೆಸರಿಸಿ ಕೇಳಿ. ವಾರದ ಕೊನೆಯ ವಿಶೇಷ ಸಂಚಿಕೆಯಿಂದ ಶುರು ಮಾಡುವುದು ಅವರಿಗೂ ಸುಲಭ. ದಿನದ ಧಾರಾವಾಹಿಯಲ್ಲಿ ಶೂಟಿಂಗ್‌ಗೂ ಪ್ರಸಾರಕ್ಕೂ ನಡುವೆ ಸಮಯ ಕಡಿಮೆ, ಅವರ ಕಷ್ಟವೂ ನಿಜ.

ಅದೇ ಧಾರಾವಾಹಿ ಒಟಿಟಿಯಲ್ಲೂ ಬರುತ್ತಿದ್ದರೆ ಆ ಆ್ಯಪ್‌ನ ಕುಂದುಕೊರತೆ ಅಧಿಕಾರಿಗೂ ಬರೆಯಿರಿ. 2021ರ ಐಟಿ ನಿಯಮಗಳ ಪ್ರಕಾರ ದೂರು ಬಂದದ್ದಕ್ಕೆ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, 15 ದಿನದಲ್ಲಿ ತೀರ್ಮಾನ ತಿಳಿಸಬೇಕು. ಅಂಗವಿಕಲರಿಗೆ ಅನುಕೂಲ ಮಾಡಲು ಸಾಧ್ಯವಾದಷ್ಟು ಪ್ರಯತ್ನ ಮಾಡಬೇಕು ಅಂತಲೂ ಅದೇ ನಿಯಮಗಳ ನೀತಿ ಸಂಹಿತೆ ಹೇಳುತ್ತದೆ. ಎರಡೂ ಕಡೆಯಿಂದ ಸದ್ದಿಲ್ಲದಿದ್ದರೆ ಅದೇ ಪತ್ರದ ಪ್ರತಿ ಮತ್ತು ಯುಡಿಐಡಿ ಕಾರ್ಡಿನ ಪ್ರತಿ ಸೇರಿಸಿ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರ ಕಚೇರಿಗೆ ಕಳಿಸಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.